ಕಣ್ಣು ಮುಚ್ಚಿದವನು ಔಟ್

ನಾನು ಹುಟ್ಟಾ ಪುಕ್ಕಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾಯಿ, ಸೂಜಿ, ಬಾವಿ, ಗಣಿತದ ಮೇಷ್ಟ್ರು, ಶಿಕಾರಿಪುರದ ಬಸ್‌ಸ್ಟ್ಯಾಂಡಿನಲ್ಲಿ ರಿವರ್ಸ್ ಬರುವ ಬಸ್ಸು, ಹೀಗೆ ನನಗೆ ಹೆದರಿಕೆ ಹುಟ್ಟಿಸದ ವಸ್ತು ಊರಿನಲ್ಲಿ ಕಡಿಮೆ ಇತ್ತು. ಅಂಥವನ ಕೈಗೆ ಹದಿಮೂರನೆಯ ವಯಸ್ಸಿನಲ್ಲಿ ಒಂದು ಪಿಸ್ತೂಲು ಬಂತು.

ತೊಂಬತ್ತರ ದಶಕದ ನಡುವಿನ ಮಾತು. ಅಪ್ಪನದು ಎಪಿಎಂಸಿ ಯಾರ್ಡಿನಲ್ಲಿ ಮಂಡಿ. ಭತ್ತ ಮುಖ್ಯ, ಕಾಲಕ್ಕೆ ಶುಂಠಿ. ಆ ಶುಂಠಿಯನ್ನು ಬೊಂಬಾಯಿಗೆ ಒಯ್ಯುತ್ತಿದ್ದ ಲಾರಿಯ ಡ್ರೈವರ್ ಒಮ್ಮೆ ಬರುವಾಗ ಒಂದು ರಟ್ಟಿನ ಡಬ್ಬಿ ತಂದು ಗಲ್ಲಾದ ಮೇಲಿಟ್ಟು, "ತಗಳ್ರಿ ಸಾವ್ಕಾರ್ರೆ, ಮನಿ ಹುಡುಗ್ರಿಗೆ" ಅಂದ. ಒಳಗೆ ಎರಡು ಕಪ್ಪು ಪ್ಲಾಸ್ಟಿಕ್ ಪಿಸ್ತೂಲು. ನಮ್ಮ ದೀಪಾವಳಿಯ ತಗಡಿನ ಪಿಸ್ತೂಲಿನ ಜಾತಿಯಲ್ಲ ಅವು. ಹಿಡಿಯೊಳಗೆ ಹಳದಿ ಮಣಿಗಳನ್ನು ತುಂಬಬೇಕು, ಒಂದೊಂದು ಕಡಲೆಕಾಳಿನ ಗಾತ್ರ. ಮೇಲಿನ ಭಾಗವನ್ನು ಹಿಂದಕ್ಕೆಳೆದು ಬಿಟ್ಟರೆ ಒಳಗಿನ ಸ್ಪ್ರಿಂಗ್ ಬಿಗಿಯುತ್ತದೆ, ಒತ್ತಿದರೆ ಮಣಿ ನಿಜವಾಗಿ ಹಾರಿ ಹೋಗಿ ಬಡಿಯುತ್ತದೆ. ಈ ಆಟಕ್ಕೆ ಏರ್‌ಸಾಫ್ಟ್ ಎಂಬ ಹೆಸರಿದೆ, ಇದಕ್ಕೆಂದೇ ಮೈದಾನ, ಮುಖವಾಡ, ನಿಯಮದ ಪುಸ್ತಕ ಎಲ್ಲ ಇವೆ ಎಂದು ಎಷ್ಟೋ ವರ್ಷಗಳ ಮೇಲೆ ತಿಳಿಯಿತು. ನಮಗೆ ಅದು ಬರೀ ಬೊಂಬಾಯಿ ಪಿಸ್ತೂಲು.

ಒಂದು ನನಗೆ, ಇನ್ನೊಂದು ಭಾವನಿಗೆ. ಭಾವ ಎಂದರೆ ನನ್ನ ಸೋದರಮಾವನ ಮಗ, ನನಗಿಂತ ಎರಡು ವರ್ಷಕ್ಕೆ ದೊಡ್ಡವನು, ಸೊರಬ ತಾಲ್ಲೂಕಿನಲ್ಲಿ ಆನವಟ್ಟಿಯ ಹತ್ತಿರದ ಹಳ್ಳಿಯಲ್ಲಿ ನಮ್ಮ ಅಜ್ಜನ ಮನೆಯಲ್ಲೇ ಬೆಳೆದವನು. ಬೇಸಿಗೆ ರಜೆಗೆ ನಮ್ಮಲ್ಲಿಗೆ ಬಂದಿದ್ದ. ಹಾವನ್ನು ಬಾಲ ಹಿಡಿದು ಎಳೆದವನು ಎಂಬ ಖ್ಯಾತಿ ಅವನಿಗಿತ್ತು. ಆ ಖ್ಯಾತಿಯನ್ನು ಹಬ್ಬಿಸಿದವನೂ ಅವನೇ ಇರಬೇಕು ಎಂದು ಈಗ ಅನ್ನಿಸುತ್ತದೆ. ಆಗ ಮಾತ್ರ ನನಗೆ ಅವನಂತಾಗುವುದು ಬಿಟ್ಟರೆ ಲೋಕದಲ್ಲಿ ಬೇರೆ ಆಸೆ ಇರಲಿಲ್ಲ.

ಅಮ್ಮ ಪಿಸ್ತೂಲನ್ನು ನೋಡಿದವಳೇ ಬೀರುವಿನೊಳಗಿಟ್ಟು ಬೀಗ ಹಾಕಿದಳು. "ಕಣ್ಣಿಗೆ ಬಿದ್ರೆ ಯಾರ್ ಕೊಡ್ತಾರೋ ಕಣ್ಣು?" ಎಂಬುದು ಅವಳ ಪ್ರಶ್ನೆ. ನನ್ನ ಹೊಟ್ಟೆಯೊಳಗೂ ಅದೇ ಪ್ರಶ್ನೆ ಇತ್ತು, ಬಾಯಿ ಬಿಡಲಿಲ್ಲ ಅಷ್ಟೆ. ಕೊನೆಗೆ ರಾಜಿಯಾದದ್ದು ಕನ್ನಡಕದ ಮೇಲೆ. ಅಪ್ಪನ ತಾಯಿಗೆ ಪೊರೆ ತೆಗೆದಾಗ ಕಣ್ಣಿನ ಶಿಬಿರದಲ್ಲಿ ಕೊಟ್ಟಿದ್ದ, ಪಕ್ಕವನ್ನೂ ಮುಚ್ಚುವ ದೊಡ್ಡ ಕಪ್ಪು ಕನ್ನಡಕ ಮನೆಯಲ್ಲಿತ್ತು. ಅದನ್ನು ಹಾಕಿಕೊಂಡರೆ ಮಾತ್ರ ಆಟ. ಭಾವನಿಗೆ ಅಪ್ಪನ ತಂಪು ಕನ್ನಡಕ ಸಿಕ್ಕಿತು, ಅವನು ಹೀರೋ ಥರ ಕಂಡ. ನಾನು ಆಪರೇಷನ್ ಆದ ಮುದುಕಿಯ ಥರ ಕಂಡೆ.

ಭಾನುವಾರ ಯಾರ್ಡಿನಲ್ಲಿ ವಹಿವಾಟು ಇರುತ್ತಿರಲಿಲ್ಲ. ಚೀಲಗಳ ಅಟ್ಟಿಯ ಸಂದುಗಳಲ್ಲಿ ಅಡಗಿ ಹೊಡೆದಾಡಲು ಅದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಭಾವ ನಿಯಮ ಮಾಡಿದ. ಆಟಕ್ಕೆ ಮೊದಲು ಪಿಸ್ತೂಲನ್ನು ನೆಲಕ್ಕೆ ಹಿಡಿದು ಒತ್ತಿ, ಮಣಿ ಹಾರಲಿಲ್ಲವೆಂದರೆ ಅದು ಖಾಲಿ ಎಂದು ಇಬ್ಬರೂ ನೋಡಬೇಕು. ಪೆಟ್ಟು ಬಿದ್ದವನು ತಾನೇ ಕೈಯೆತ್ತಿ "ಬಿತ್ತು" ಅನ್ನಬೇಕು, ಸುಳ್ಳು ಹೇಳುವಂತಿಲ್ಲ. ಮೂರನೆಯದು ಭಾವನ ಸ್ವಂತ ಬುದ್ಧಿ. ಎದುರಿನವನು ಗುರಿ ಹಿಡಿದಾಗ ಕಣ್ಣು ಮುಚ್ಚಿದವನು, ತಿರುಗಿ ಓಡಿದವನು ಔಟ್. ಮತ್ತೆ ಅವನನ್ನು ಆಟಕ್ಕೆ ಸೇರಿಸುವುದಿಲ್ಲ.

"ಹೆದ್ರೋರ ಜೊತೆ ಆಡಿದ್ರೆ ಎಂತ ಮಜಾ ಮಾರಾಯ?" ಅಂದ ಭಾವ.

ನನ್ನ ಜೀವ ಇದ್ದದ್ದೇ ಆ ಮೂರನೆಯ ನಿಯಮದಲ್ಲಿ. ಹಳದಿ ಮಣಿ ಬಡಿದರೆ ನೋವು ದೊಡ್ಡದೇನಲ್ಲ, ಗೊದ್ದ ಇರುವೆ ಕಚ್ಚಿದಷ್ಟು. ಬಡಿಯುವ ಮೊದಲಿನ ಆ ಕ್ಷಣ ಮಾತ್ರ ತಡೆಯಲಾಗುತ್ತಿರಲಿಲ್ಲ. ಆ ಸಣ್ಣ ಕಪ್ಪು ತೂತು ನನ್ನ ಕಡೆ ತಿರುಗಿದ ಕೂಡಲೇ ಕಣ್ಣು ತಾನಾಗಿಯೇ ಮುಚ್ಚಿಹೋಗುತ್ತಿತ್ತು. ಆದರೂ ಎರಡು ವಾರ ನಾನು ಔಟಾಗಲಿಲ್ಲ. ಅಜ್ಜಿಯ ಕಪ್ಪು ಕನ್ನಡಕದ ಹಿಂದೆ ಕಣ್ಣು ತೆರೆದಿದೆಯೋ ಮುಚ್ಚಿದೆಯೋ ಹೊರಗಿನವರಿಗೆ ತಿಳಿಯುವಂತಿರಲಿಲ್ಲವಲ್ಲ. "ಪರವಾಗಿಲ್ಲ, ಗಟ್ಟಿಯಾಗ್ತಿದೀಯ" ಎಂದು ಭಾವ ಬೆನ್ನು ತಟ್ಟಿದಾಗ ನನಗೆ ಹಿಗ್ಗು, ಅದರ ಹಿಂದೆಯೇ ದಿಗಿಲು. ಕನ್ನಡಕ ತೆಗೆಸಿದರೆ ಏನು ಗತಿ ಎಂದು ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ರಜೆಯ ಉಳಿದ ಭಾಗಕ್ಕೆ ಪಿಸ್ತೂಲು, ಕನ್ನಡಕಗಳ ಸಮೇತ ಇಬ್ಬರೂ ಅಜ್ಜನ ಹಳ್ಳಿಗೆ ಹೋದೆವು. ಚುನಾವಣೆಯ ಕಾಲ. ಚುನಾವಣೆ ಬಂತೆಂದರೆ ಆ ಕಡೆಯ ಹಳ್ಳಿಗಳಲ್ಲಿ ಒಂದು ಕೆಲಸ ಕಡ್ಡಾಯ. ಬೆಳೆ ಕಾಯಲು ಲೈಸೆನ್ಸ್ ಕೋವಿ ಇಟ್ಟುಕೊಂಡವರೆಲ್ಲ ಅದನ್ನು ಪೊಲೀಸ್ ಠಾಣೆಗೆ ಒಪ್ಪಿಸಿ, ಮತ ಎಣಿಕೆ ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕು. ಅಜ್ಜನಲ್ಲೂ ಒಂದು ಕೋವಿ ಇತ್ತು, ನಡುಮನೆಯ ಗೋಡೆಯ ಎರಡು ಗೂಟದ ಮೇಲೆ ಅಡ್ಡಕ್ಕೆ ಮಲಗಿರುತ್ತಿತ್ತು. ಅದರ ಕೆಳಗೆ ಊಟಕ್ಕೆ ಕೂರುವುದಕ್ಕೂ ನಾನು ಹಿಂದೆ ಮುಂದೆ ನೋಡುತ್ತಿದ್ದೆ.

ಠಾಣೆಗೆ ಒಯ್ಯುವ ಹಿಂದಿನ ದಿನ ಅಜ್ಜ ಕೋವಿಯನ್ನು ಇಳಿಸಿ ಹಿತ್ತಿಲ ಕಟ್ಟೆಯ ಮೇಲೆ ಕೂತು ಕೊಬ್ಬರಿ ಎಣ್ಣೆ ಹಚ್ಚಿ ಒರೆಸತೊಡಗಿದ. ತುಕ್ಕು ಹಿಡಿದ ಕೋವಿ ಒಪ್ಪಿಸಿದರೆ ನಾಲ್ಕು ಜನರೆದುರು ಮರ್ಯಾದೆ ಹೋಗುತ್ತದೆಂಬ ಚಿಂತೆ ಅವನಿಗೆ. ಅಷ್ಟರಲ್ಲಿ ಪಕ್ಕದ ಮನೆಯ ಹಸು ಕರು ಹಾಕಲಾಗದೆ ಒದ್ದಾಡುತ್ತಿದೆ ಎಂದು ಕರೆಯಲು ಬಂದರು. ಅಜ್ಜ ಕೋವಿಯನ್ನು ಕಟ್ಟೆಗೆ ಒರಗಿಸಿ ಎದ್ದ.

"ಹುಡ್ರು ಇದಾವೆ, ಒಳಗಿಟ್ಟು ಹೋಗಿ" ಎಂದು ಅಮ್ಮನ ತಾಯಿ, ಅಂದರೆ ಆ ಮನೆಯ ಅಜ್ಜಿ, ಒಲೆಯ ಮುಂದಿನಿಂದ ಕೂಗಿದಳು.

"ಕೇಪ್ ತೆಗ್ದಿದೀನಿ ಮಾರಾಯ್ತಿ, ಎಂತದೂ ಆಗಲ್ಲ" ಎಂದು ಅಜ್ಜ ಹೊರಟೇಬಿಟ್ಟ.

ಕೇಪು ಎಂದರೆ ಕೋವಿಯ ಹಿಂಬದಿಯಲ್ಲಿ ಸಿಕ್ಕಿಸುವ, ಬೆರಳಿನ ತುದಿಯಷ್ಟೂ ಇಲ್ಲದ ತಾಮ್ರದ ಟೊಪ್ಪಿ. ಕುದುರೆ ಎಂಬ ಸಣ್ಣ ಸುತ್ತಿಗೆ ಅದರ ಮೇಲೆ ಬಡಿದಾಗ ಕಿಡಿ ಹುಟ್ಟಿ ಒಳಗಿನ ಮದ್ದಿಗೆ ತಾಗುತ್ತದೆ. ಕೇಪಿಲ್ಲ ಎಂದರೆ ಗುಂಡಿಲ್ಲ ಎಂದೇ ನಾವಿಬ್ಬರೂ ತಿಳಿದುಕೊಂಡೆವು. ಬೊಂಬಾಯಿ ಪಿಸ್ತೂಲಿನಲ್ಲಿ ಕಲಿತ ವಿದ್ಯೆ ಅದು. ಅಲ್ಲಿ ಒಳಗೆ ಹಾಕಿದ್ದೇ ಹೊರಗೆ ಬರುತ್ತದೆ, ತೆಗೆದರೆ ಖಾಲಿ.

ಭಾವನ ಮುಖ ಅರಳಿತು. "ಇವತ್ತು ನಿಜವಾದ್ದರಲ್ಲಿ ಆಡನ" ಅಂದ.

ನಾನು ಬೇಡ ಅಂದೆನೋ, ಅನ್ನಬೇಕೆಂದುಕೊಂಡೆನೋ ನೆನಪಿಲ್ಲ. ಅವನು ಕೋವಿ ಎತ್ತಿಕೊಂಡ. ಅವನ ಎದೆಮಟ್ಟಕ್ಕಿತ್ತು ಅದು. ನಿಯಮದ ಪ್ರಕಾರ ತುದಿಯನ್ನು ನೆಲಕ್ಕೆ ಹಿಡಿದು ಕುದುರೆ ಎಳೆದು ಒತ್ತಿದ. ಟಕ್ ಅಂತು, ಅಷ್ಟೆ. "ನೋಡಿದ್ಯಾ? ಖಾಲಿ."

ಹಿತ್ತಿಲ ಕೊನೆಯಲ್ಲಿ ಮಣ್ಣಿನ ದರೆಗೆ ತಾಗಿ ಬಾಳೆಯ ಹಿಂಡಿತ್ತು. ಅದಕ್ಕೆ ಬೆನ್ನು ಕೊಟ್ಟು ನಿಲ್ಲು ಅಂದ. ನಿಂತೆ. "ಕನ್ನಡಕ ತೆಗಿ. ಗುಂಡೇ ಇಲ್ದಿದ್ಮೇಲೆ ಕನ್ನಡಕ ಎಂತಕ್ಕೆ?" ಅಂದ. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡೆ. ಬಿಸಿಲು ಕಣ್ಣಿಗೆ ಕುಕ್ಕಿತು.

ಭಾವ ಕೋವಿಯನ್ನು ನನ್ನ ಎದೆಗೆ ಹಿಡಿದ. ಪಿಸ್ತೂಲಿನ ತೂತು ಕಡಲೆಯಷ್ಟು, ಇದರದ್ದು ನನ್ನ ಹೆಬ್ಬೆರಳು ಹೋಗುವಷ್ಟು. ಅದರ ಒಳಗಿನ ಕತ್ತಲೆ ಕಾಣುತ್ತಿತ್ತು. ಕಣ್ಣು ಮುಚ್ಚಬಾರದು, ಮುಚ್ಚಿದರೆ ಔಟ್, ಮುಚ್ಚಿದರೆ ಬೇಸಿಗೆಯೆಲ್ಲ ಒಬ್ಬನೇ ಕೂರಬೇಕು ಎಂದು ನನಗೆ ನಾನೇ ಹೇಳಿಕೊಂಡು ರೆಪ್ಪೆಯನ್ನು ಬಿಗಿ ಹಿಡಿದೆ. ಕಣ್ಣಲ್ಲಿ ನೀರು ಬಂತು. ಅವನು ಒತ್ತಿದ. ಟಕ್. ನಾನು ಕಣ್ಣು ಮುಚ್ಚಿರಲಿಲ್ಲ.

ಅಲ್ಲಿಗೆ ಮುಗಿದಿದ್ದರೆ ನಾನು ಗೆದ್ದಂತಿತ್ತು. ಆದರೆ ಭಾವನಿಗೆ ಸಮಾಧಾನವಾಗಲಿಲ್ಲ. "ಸದ್ದು ಬರ್ಬೇಕು ಕಣೋ. ತಡಿ, ಅಲ್ಲಾಡ್ಬೇಡ" ಎಂದು ಕೋವಿಯನ್ನು ಕಟ್ಟೆಗೆ ಒರಗಿಸಿ ಒಳಗೆ ಓಡಿದ. ದೀಪಾವಳಿಯಲ್ಲಿ ಉಳಿದಿದ್ದ ಚುಕ್ಕಿ ಪಟಾಕಿಯ ಸುರುಳಿ ಅವನ ಬಿಸ್ಕೆಟ್ ಡಬ್ಬಿಯಲ್ಲಿತ್ತು, ತಗಡಿನ ಪಿಸ್ತೂಲಿಗೆ ಹಾಕುವ ಕೆಂಪು ಕಾಗದದ್ದು. ಅದರ ಎರಡು ಮೂರು ಚುಕ್ಕಿ ಹರಿದು ಕೇಪಿನ ಜಾಗದಲ್ಲಿ ಮಡಚಿಟ್ಟರೆ ಕುದುರೆ ಬಡಿದಾಗ ಠಪ್ಪೆನ್ನುತ್ತದೆ ಎಂಬುದು ಅವನ ಲೆಕ್ಕ.

ಅವನು ಬರುವವರೆಗೆ ನಾನು ಬಾಳೆಗೆ ಒರಗಿ ನಿಂತಿದ್ದೆ. ಎದುರಿಗೆ ಕಟ್ಟೆ, ಕಟ್ಟೆಗೊರಗಿದ ಕೋವಿ. ಹಿಡಿಯುವವರೇ ಇಲ್ಲದಿದ್ದರೂ ಅದು ನನ್ನನ್ನೇ ನೋಡುತ್ತಿದೆ ಅನ್ನಿಸಿತು. ಬೆನ್ನಿಗೆ ಬಾಳೆಯ ದಿಂಡು ತಣ್ಣಗೆ ತಾಗುತ್ತಿತ್ತು. ಖಾಲಿ ಕೋವಿಗೆ ಹೆದರುವ ಗಂಡಸು ಉಂಟೇ ಎಂದು ಕೇಳಿಕೊಂಡೆ. ಉಂಟು, ನಾನಿದ್ದೆ. ಭಾವ ಬಂದು ಕಾಗದವನ್ನು ಮಡಚಿ, ಕುದುರೆಯನ್ನು ಹಿಂದಕ್ಕೆಳೆದು, ಕೋವಿಯನ್ನು ಹೆಗಲಿಗೇರಿಸುತ್ತಿದ್ದಂತೆ ನಾನು ಓಡಿದೆ. ಯೋಚಿಸಿ ಓಡಿದ್ದಲ್ಲ, ಕಾಲು ಓಡಿತು, ಅದರ ಹಿಂದೆ ನಾನು ಹೋದೆ. ಕೊಟ್ಟಿಗೆ ದಾಟಿ, ಬೇಲಿ ದಾಟಿ, ಒಂದು ಚಪ್ಪಲಿ ಕಳೆದುಕೊಂಡು ಪಕ್ಕದ ಮನೆಯ ಹಸುವಿನ ಬಳಿ ಕೂತಿದ್ದ ಅಜ್ಜನ ಹಿಂದೆ ಹೋಗಿ ನಿಂತೆ.

"ಔಟ್ ಕಣೋ, ಪುಕ್ಕಲ" ಎಂದು ಭಾವ ಹಿತ್ತಿಲಿನಿಂದ ಕೂಗಿದ್ದು ಅಲ್ಲಿಗೂ ಕೇಳಿಸಿತು. ಗುರಿಯೇ ಇಲ್ಲದ ಮೇಲೆ ಅವನಿಗೆ ಆಸಕ್ತಿ ಹೋಯಿತು. ಕಾಗದ ಕಿತ್ತು ಬಿಸಾಕಿ ಕೋವಿಯನ್ನು ಇದ್ದಲ್ಲೇ ಇಟ್ಟ. ಆ ಸಂಜೆ ಅವನು ನನ್ನ ಜೊತೆ ಮಾತಾಡಲಿಲ್ಲ. ನನ್ನ ಪಿಸ್ತೂಲನ್ನು ಕೇರಿಯ ಇನ್ನೊಬ್ಬ ಹುಡುಗನಿಗೆ ಕೊಟ್ಟು ಅವನ ಜೊತೆ ಆಡಿದ. ನಾನು ಜಗುಲಿಯಲ್ಲಿ ಕೂತು ಅತ್ತೆ. ನನ್ನ ಮೇಲೇ ನನಗೆ ಹೇಸಿಗೆಯಾಗಿತ್ತು.

ಮರುದಿನ ಬೆಳಿಗ್ಗೆ ಅಜ್ಜ ಸ್ನಾನ ಮಾಡಿ, ವಿಭೂತಿ ಹಚ್ಚಿ, ಬಿಳಿ ಅಂಗಿ ತೊಟ್ಟು ಹೊರಟ. ಬಸ್ಸಿಗೆ ಹೋಗುವ ಮೊದಲು ಕೋವಿ ಹಿಡಿದು ಹಿತ್ತಿಲಿಗೆ ಬಂದ. ನಮ್ಮಿಬ್ಬರನ್ನೂ ಕರೆದು ತನ್ನ ಬೆನ್ನ ಹಿಂದೆ ನಿಲ್ಲಿಸಿಕೊಂಡ.

"ಎಂತಕ್ಕಜ್ಜಾ?" ಎಂದು ಭಾವ ಕೇಳಿದ.

"ಈಡು ಖಾಲಿ ಮಾಡ್ಬೇಕಲ್ಲ. ಹಂದಿಗೆ ಅಂತ ತುಂಬಿದ ಮದ್ದು ಗುಂಡು ಹಂಗೇ ಕೂತದೆ. ಬಾಯಿಂದ ತುಂಬೋ ಕೋವಿ ಇದು, ಹಾರಿಸ್ದೇ ಖಾಲಿ ಆಗಲ್ಲ."

ಭಾವ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಅಜ್ಜ ಅಂಗಿಯ ಜೇಬಿನಿಂದ ಕೇಪು ತೆಗೆದು ಸಿಕ್ಕಿಸಿ, ದರೆಗೆ ತಾಗಿದ ಬಾಳೆಯ ಹಿಂಡಿನಲ್ಲಿ ಗೊನೆ ಕಡಿದು ಬಿಟ್ಟಿದ್ದ ಒಂದು ಗಿಡಕ್ಕೆ ಗುರಿ ಹಿಡಿದ. ಸದ್ದಿಗೆ ಕೊಟ್ಟಿಗೆಯ ದನಗಳು ಹಗ್ಗ ಜಗ್ಗಿದವು. ಹೊಗೆ ಸರಿದಾಗ ನಾನು ನಿನ್ನೆ ಒರಗಿ ನಿಂತಿದ್ದ ದಿಂಡು ನನ್ನ ಎದೆಯ ಎತ್ತರದಲ್ಲಿ ಸೀಳಿಹೋಗಿ, ಮೇಲಿನರ್ಧ ನಿಧಾನವಾಗಿ ಮುಂದಕ್ಕೆ ಬಾಗಿ ಬಿತ್ತು. ದಿಂಡಿನ ನೀರು ಸೋರುತ್ತಿತ್ತು.

ಭಾವ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು ವಾಂತಿ ಮಾಡಿಕೊಂಡ. ಅಜ್ಜ ಗಾಬರಿಯಾಗಿ ಅವನ ತಲೆ ಹಿಡಿದುಕೊಂಡ. "ಎಂತ ಆತೋ? ಸದ್ದಿಗೆ ಹೆದ್ರಿದ್ಯಾ?"

ಭಾವ ಬಾಳೆಯ ಕಡೆ ಕೈ ಮಾಡಿದ, ಆಮೇಲೆ ನನ್ನ ಕಡೆ. "ನಿನ್ನೆ ಇವ ಅಲ್ಲಿ ನಿಂತಿದ್ದ. ನಾನು ಕಾಗದದ ಪಟಾಕಿ ಇಟ್ಟಿದ್ದೆ" ಅಂದ. ಅಷ್ಟೇ ಮಾತು. ಅಜ್ಜನಿಗೆ ಅಷ್ಟು ಸಾಕಾಯಿತು. ಅವನು ಬೈಯಲಿಲ್ಲ, ಹೊಡೆಯಲಿಲ್ಲ. ನನ್ನ ಬಳಿ ಬಂದು ಎದೆಯ ಮೇಲೆ ಅಂಗೈಯಿಟ್ಟ. ಅವನ ಕೈಯಿಂದ ಮದ್ದಿನ ವಾಸನೆ ಬರುತ್ತಿತ್ತು. ಆಮೇಲೆ ಕೋವಿಗೆ ಗೋಣಿತಾಟು ಸುತ್ತಿಕೊಂಡು ಬಸ್ಸಿಗೆ ನಡೆದ.

ಎಣಿಕೆ ಮುಗಿದ ಮೇಲೆ ಊರಿನ ಉಳಿದವರೆಲ್ಲ ಕೋವಿ ಬಿಡಿಸಿಕೊಂಡು ಬಂದರು. ಅಜ್ಜ ಹೋಗಲಿಲ್ಲ. ಅಜ್ಜಿ ನೆನಪಿಸಿದಾಗಲೆಲ್ಲ "ಅಲ್ಲೇ ಇರ್ಲಿ ಬಿಡು" ಅನ್ನುತ್ತಿದ್ದನಂತೆ. ಆ ವರ್ಷ ಹಂದಿಗಳು ಗದ್ದೆಯನ್ನು ಚೆನ್ನಾಗಿಯೇ ಉತ್ತವು. ನಡುಮನೆಯ ಎರಡು ಗೂಟಗಳಿಗೆ ಅಜ್ಜಿ ಹಸಿ ಸೀರೆ ಹರವತೊಡಗಿದಳು.

ಶಾಲೆ ಶುರುವಾಗುವ ಮೊದಲು ಭಾವ ಒಂದು ದಿನದ ಮಟ್ಟಿಗೆ ಶಿಕಾರಿಪುರಕ್ಕೆ ಬಂದ. ನನ್ನ ಪಿಸ್ತೂಲನ್ನು ಪಂಚೆಯಲ್ಲಿ ಸುತ್ತಿ ತಂದಿದ್ದ, ಕೈಗೆ ಕೊಟ್ಟ. ಯಾರ್ಡಿಗೆ ಹೋದೆವು. ನಾನು ಕಪ್ಪು ಕನ್ನಡಕ ಹಾಕಿಕೊಂಡೆ. ಮೂರನೆಯ ನಿಯಮವನ್ನು ತೆಗೆದುಹಾಕಿದ್ದೇನೆ ಅಂದ. ಬದಲಿಗೆ, ಯಾರಿಗಾದರೂ ಹೆದರಿಕೆಯಾದರೆ "ಸಾಕು" ಎಂದು ಕೂಗಬೇಕು, ಕೂಗಿದ ಕೂಡಲೇ ಇಬ್ಬರೂ ಪಿಸ್ತೂಲು ಕೆಳಗಿಡಬೇಕು. ಕೂಗಿದವನು ಔಟಲ್ಲ.

ನನಗೋಸ್ಕರ ಮಾಡಿದ ನಿಯಮ ಎಂದುಕೊಂಡು ಸ್ವಲ್ಪ ಅವಮಾನವೇ ಆಯಿತು. ಚೀಲಗಳ ಸಂದಿನಲ್ಲಿ ಅಡಗಿದೆವು. ಅವನು ಒಂದು ಅಟ್ಟಿಯ ಮರೆಯಿಂದ ಈಚೆ ಬಂದಾಗ ನಾನು ಎದುರಿಗೇ ಇದ್ದೆ, ಪಿಸ್ತೂಲು ಅವನ ಎದೆಗೆ ಹಿಡಿದಿದ್ದೆ. ನಾನು ಇನ್ನೂ ಒತ್ತಿರಲಿಲ್ಲ. ಹಾವನ್ನು ಬಾಲ ಹಿಡಿದು ಎಳೆದವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು "ಸಾಕು" ಅಂದ.