ಖಾಸಿಂ ಸಾಬರ ಕಿವಿ

ಹೊಂಬಾಳಮ್ಮ ಖಾಸಿಂ ಸಾಬರನ್ನು ಮೊದಲು ಕಂಡದ್ದು ಬೈಕಿನ ಚೈನು ಕಡಿದ ದಿನ. ಅದು ತೀರಿಹೋದ ಗಂಡ ಏಕಾಂತಯ್ಯನ ಹಳೆಯ ಬೈಕು. ಮಗ ದಯಾನಂದನ ಹಿಂದೆ ಕೂತು ಹೊನ್ನವಳ್ಳಿಯಿಂದ ಹೊರಟಿದ್ದರು. ತಿಪಟೂರು ಇನ್ನೇನು ಬಂತು ಅನ್ನುವಾಗ ಕಟಕ್ಕೆಂದು ನಿಂತಿತು. ತಳ್ಳಿಕೊಂಡು ಹೋದಾಗ ಸಿಕ್ಕಿದ್ದೇ ಸಾಬರ ತಗಡಿನ ಅಂಗಡಿ.

ಸಾಬರು ಚೈನನ್ನು ಬೆರಳಲ್ಲಿ ಸವರಿ ಮೂಗಿಗೆ ಹಿಡಿದರು. "ಏನಪ್ಪಾ, ಚೈನಿಗೆ ಒಗ್ಗರಣೆ ಹಾಕಿದೀಯ?"

"ಕೊಬ್ರಿ ಎಣ್ಣೆ ಕಣ್ರೀ. ಶುಕ್ರವಾರ ಬಂದ್ರೆ ನಮ್ಮವ್ವ ಹಚ್ತದೆ," ಎಂದು ದಯಾನಂದ ನಕ್ಕ.

ಹೊಂಬಾಳಮ್ಮನಿಗೆ ನಗು ಬರಲಿಲ್ಲ. ತಲೆಗೆ, ದೀಪಕ್ಕೆ, ಕಿರುಗುಡುವ ಬಾಗಿಲಿಗೆ, ಎಲ್ಲಕ್ಕೂ ಅದೇ ಎಣ್ಣೆ ಹಚ್ಚಿ ಬೆಳೆದವರು. "ಮನೇಲಿ ಬೆಳ್ದಿದ್ದು, ಕಲಬೆರಕೆ ಇಲ್ಲ," ಎಂದರು.

"ಎಣ್ಣೆ ಒಳ್ಳೇದೇ ಕಣಮ್ಮ. ಆದ್ರೆ ಚಳಿಗೆ ಗಟ್ಟಿ ಆಗ್ತೈತೆ, ಧೂಳು ಕಚ್ಕಂತೈತೆ. ಚೈನಿಗೆ ಗೇರ್ ಆಯಿಲ್ ಹಾಕ್ಬೇಕು. ನೀವು ಅದುನ್ನ ತಲೆಗೆ ಹಚ್ಕಂತೀರಾ?"

ಆಗ ಅವರಿಗೂ ನಗು ಬಂತು.

ಸಾಬರು ಮಾಯಸಂದ್ರದವರು. ಮದುವೆಯಾದ ಮೇಲೆ ಹೆಂಡತಿ ಅಫ್ಸರ್ ಬಾನುವಿನ ತವರು ತಿಪಟೂರಿಗೆ ಬಂದು ಅಂಗಡಿ ಇಟ್ಟರು. ಗೋಡೆಯ ಈಚೆ ಇವರ ಸ್ಪ್ಯಾನರು, ಆಚೆ ಬಾನುವಿನ ಹೊಲಿಗೆ ಮಿಷಿನ್ನು. ಹೊಸ ಗಾಡಿಗೆ ಪ್ರಾಯವಿದೆ, ಹಳೆಯದನ್ನು ಹೊತ್ತುಹೊತ್ತಿಗೆ ನೋಡಿಕೊಳ್ಳಬೇಕು ಎನ್ನುವುದು ಅವರ ಮಾತು. "ಹಸೀನ ಕೆಚ್ಚಲು ಬಾತ ಮೇಲೆ ಡಾಕ್ಟ್ರ ಹತ್ರ ಓಡ್ತೀರೋ, ದಿನಾ ಮುಟ್ಟಿ ನೋಡ್ತೀರೋ?" ಎಂದು ಕೇಳುತ್ತಿದ್ದರು.

ಹೊಂಬಾಳಮ್ಮನಿಗೆ ಅದು ನಾಟಿತು. ಮಗ "ಓಡ್ತೈತಲ್ಲ, ಬುಡವ್ವ" ಎಂದರೂ ಮೂರು ತಿಂಗಳಿಗೊಮ್ಮೆ ಸರ್ವೀಸಿಗೆ ಅಟ್ಟುವುದನ್ನು ತಪ್ಪಿಸಲಿಲ್ಲ. ತೋಟದಿಂದ ಕಾಯಿ ಚೀಲ ಹೊತ್ತರೂ ಗಾಡಿ ಮುನಿಯಲಿಲ್ಲ. ಸಾಬರು ಬೋಲ್ಟಿಗೆ ಕೈ ಹಾಕುವ ಮುನ್ನ ಇಂಜಿನ್ನು ಚಾಲೂ ಮಾಡಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ರೋಗ ಎಲ್ಲಿದೆಯೆಂದು ಅವರ ಕಿವಿಗೇ ತಿಳಿಯುತ್ತಿತ್ತು.

ಕಳೆದ ವರ್ಷ ಇಂಜಿನ್ನಿನಲ್ಲಿ ಟಿಕಿಟಿಕಿ ಸದ್ದು ಶುರುವಾಯಿತು. ಸಾಬರು ಕೇಳಿ, "ಬೆಣ್ಣೆ ಇದ್ದಂಗೈತೆ, ತಗಂಡ್ ಹೋಗು," ಎಂದರು. ಸದ್ದು ಜೋರಾದಾಗ ಮತ್ತೆ ಒಯ್ದರೂ ಅದೇ ಬೆಣ್ಣೆ.

"ಸಾಬ್ರ ಕತೆ ಮುಗೀತು ಕಣವ್ವ. ಬೇರೆ ಕಡೆ ತೋರ್ಸನ, ಇಲ್ಲ ಗುಜರಿಗೆ ಹಾಕನ," ಎಂದ ದಯಾನಂದ.

ಆ ವಾರವೇ ಸಾಬರು ರಂಜಾನಿನ ಸುರ್ಕುಂಬ ಪಾಯಸಕ್ಕೆ ಉಂಡೆ ಕೊಬ್ಬರಿ ಬೇಕೆಂದು ಹೊಂಬಾಳಮ್ಮನ ಮನೆಗೆ ಬಂದರು. ವರ್ಷವೆಲ್ಲ ಅಟ್ಟದ ಮೇಲೆ ಒಣಗಿದ ಕಾಯಿಯಲ್ಲಿ ಕೊಬ್ಬರಿ ಚಿಪ್ಪು ಬಿಟ್ಟು ಉರುಳಾಡುತ್ತದೆ. ಕಿವಿಯ ಹತ್ತಿರ ಅಲ್ಲಾಡಿಸಿ ಲೊಡಲೊಡ ಎಂದರೆ ಹದ ಬಂದಂತೆ. ಹೊಂಬಾಳಮ್ಮ ಒಂದು ಕಾಯಿ ಕೊಟ್ಟರು. ಸಾಬರು ಅಲ್ಲಾಡಿಸಿದರೆ ಜಗಲಿಯವರೆಗೂ ಕೇಳುವಂತೆ ಲೊಡಲೊಡ ಎಂದಿತು.

"ಇದಿನ್ನೂ ಹಸಿ ಐತೆ ಕಣಮ್ಮ," ಎಂದರು ಸಾಬರು.

ಇನ್ನೊಂದು ಕೊಟ್ಟರು. ಅದೂ ಹಸಿಯಂತೆ.

ಹೊಂಬಾಳಮ್ಮ ಅವರ ಎದುರಿಗೇ ಕೂತು, ಬಿಡಿಸಿ ಬಿಡಿಸಿ ಕೇಳಿದರು: "ಸಾಬ್ರೇ, ನಿಮ್ ಕಿವೀನ ಸರ್ವೀಸಿಗೆ ಬುಟ್ಟು ಎಷ್ಟ್ ದಿನ ಆಯ್ತು?"

ಸಾಬರು ಅವರ ತುಟಿ ನೋಡಿಯೇ ಅರ್ಥ ಮಾಡಿಕೊಂಡರು. ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. "ಗೊತ್ತಾದ್ರೆ ಯಾರಮ್ಮ ಗಾಡಿ ತರ್ತಾರೆ? ಕಿವುಡ ಮೇಸ್ತ್ರಿ ಅಂತಾರೆ. ಅಂಗಡಿ ಮುಚ್ಚಿ ನಾನು ಏನ್ ಮಾಡ್ಕಂಡ್ ಕೂತ್ಕಳ್ಳಿ?"

"ಮುಚ್ಚಿಟ್ಟಿದ್ಕೇ ನನ್ ಮಗ ಆಗ್ಲೇ ಬ್ಯಾರೆ ಅಂಗ್ಡಿ ಹುಡುಕ್ತಾವ್ನೆ. ಬಾನಮ್ಮನ್ನ ಕರ್ಕಂಡು ಡಾಕ್ಟ್ರ ಹತ್ರ ಹೋಗಿ."

ಎಡಗಿವಿ ಪೂರ್ತಿ ಹೋಗಿತ್ತು. ಬೇಗ ಬಂದಿದ್ದರೆ ಉಳಿಸಿಕೊಳ್ಳಬಹುದಿತ್ತು ಎಂದರಂತೆ ತುಮಕೂರಿನ ಡಾಕ್ಟರು. ಬಲಗಿವಿಗೆ ಮಿಷಿನ್ ಕೊಟ್ಟರು.

ಹಬ್ಬ ಕಳೆದ ಮೇಲೆ ಹೊಂಬಾಳಮ್ಮ ಅಂಗಡಿಗೆ ಹೋದರು. ದಯಾನಂದನಿಗೆ ಮನಸ್ಸಿರಲಿಲ್ಲ; ತಾಯಿ ಹತ್ತಿ ಕೂತ ಮೇಲೆ ಬೇರೆ ದಾರಿಯಿರಲಿಲ್ಲ. ಕಾದು ಕೂತಿದ್ದ ಗಿರಾಕಿಗಳು ಸಾಬರ ಕಿವಿಯನ್ನೇ ನೋಡುತ್ತಿದ್ದರು. ಸಾಬರು ಇಂಜಿನ್ನು ಚಾಲೂ ಮಾಡಿ ಕಣ್ಣು ಮುಚ್ಚಿದರು. ಮರುಗಳಿಗೆಯೇ ಕಣ್ಣು ಬಿಟ್ಟರು.

"ಟ್ಯಾಪೆಟ್ ಸಡ್ಲ ಆಗೈತೆ ಕಣ್ಲಾ! ಹಿಂಗೇ ಓಡ್ಸಿದೀಯಲ್ಲ, ತಲೆ ಕೆಟ್ಟೈತಾ?"

"ನೀವೇ ಬೆಣ್ಣೆ ಅಂದ್ರಲ್ಲ ಸಾಬ್ರೇ!"

ಗಿರಾಕಿಗಳೆಲ್ಲ ನಕ್ಕರು, ಸಾಬರೂ ನಕ್ಕರು. ಬಿಚ್ಚಿ ನೋಡಿ, "ಹೊತ್ತುಹೊತ್ತಿಗೆ ಆಯಿಲ್ ಬಿದ್ದೈತೆ, ಒಳ್ಗೆ ಏನೂ ಸವ್ದಿಲ್ಲ," ಎಂದು ಸರಿಮಾಡಿದರು. ಟಿಕಿಟಿಕಿ ನಿಂತಿತು. ಗಿರಾಕಿಯೊಬ್ಬ ತಾನಾಗಿಯೇ ತನ್ನ ಗಾಡಿಯನ್ನು ಮುಂದಕ್ಕೆ ತಳ್ಳಿದ.

"ಬಾನೂ, ಅಮ್ಮಂಗೆ ಚಾ!" ಸಾಬರು ಗೋಡೆಯಾಚೆಗೆ ಕೂಗಿದವರು ತಮ್ಮ ದನಿಗೆ ತಾವೇ ಬೆಚ್ಚಿ ನಿಂತರು. ಕಿವಿಯ ಮಿಷಿನ್ ಮುಟ್ಟಿ ನೋಡಿಕೊಂಡರು. ಹೊಂಬಾಳಮ್ಮನ ಹತ್ತಿರ ಬಂದು, ಪಿಸುಗುಟ್ಟುವ ಹಾಗೆ ಕೇಳಿದರು:

"ಅಮ್ಮಾ, ಇಷ್ಟ್ ದಿನ ನಾನು ಎಲ್ರ ಹತ್ರಾನೂ ಹಿಂಗೇ ಅರಚ್ತಿದ್ನಾ?"