ಖಾಲಿ ವ್ಯಾಲೆಟ್ಟು, ನನ್ನ ಕೈಗುಣ

ಕೆಂಚಾರ್ಲಹಳ್ಳಿಯ ಈ ಮನೆಗೆ ಸೊಸೆಯಾಗಿ ಬಂದ ಮೇಲೆ ನನಗೆ ಸಿಕ್ಕ ಒಂದೇ ಒಂದು ಮರ್ಯಾದೆಯೆಂದರೆ ಕೈಗುಣ. ರೇಷ್ಮೆ ಹುಳುವಿಗೆ ನಾನು ಮೊದಲ ಸೊಪ್ಪು ಹಾಕಿದ ಬೆಳೆ ಯಾವತ್ತೂ ಕೈಕೊಟ್ಟಿರಲಿಲ್ಲ. ಬಿ.ಎಸ್ಸಿ. ಓದಿದ್ದು ಯಾರಿಗೂ ಬೇಕಿರಲಿಲ್ಲ. ಗೌರಿಬಿದನೂರಿನಿಂದ ಬಂದ ನನ್ನಪ್ಪ ಅದನ್ನು ಹೆಮ್ಮೆಯಿಂದ ಹೇಳಿಕೊಂಡಾಗ ಅತ್ತೆ, "ಓದನ್ನ ಹುಳ ತಿಂತದಾ?" ಎಂದಿದ್ದರು. ಕೈಗುಣವನ್ನು ಮಾತ್ರ ಊರೆಲ್ಲ ಸಾರುತ್ತಿದ್ದರು. ಅದೂ ಹೋದರೆ ಈ ಮನೆಯಲ್ಲಿ ನಾನು ಬರೀ ಕೂಲಿಯಾಳು.

ಅದನ್ನು ಕಳೆದವನು ನನ್ನ ಮೈದುನ. ಚಿಕ್ಕಬಳ್ಳಾಪುರದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡು ಮಾರಿ ಬಂದ ದುಡ್ಡನ್ನು ಕ್ರಿಪ್ಟೋ ಕಾಯಿನ್ ಮಾಡಿ, ಬ್ಯಾಂಕು, ಮ್ಯಾನೇಜರು ಯಾರೂ ಇಲ್ಲದ ಒಂದು ಆ್ಯಪಿನಲ್ಲಿ ಬಡ್ಡಿಗೆ ಬಿಡೋಣ ಎಂದು ಮನೆಯವರ ತಲೆ ತಿರುಗಿಸಿದ. ಕೊಂಡ ಕಡೆಯಿಂದ ಕಾಯಿನ್ನು ತರಿಸಿ ಇಟ್ಟುಕೊಳ್ಳಲು ತನ್ನ ಫೋನಿಗೆ ಒಂದು ವ್ಯಾಲೆಟ್ಟನ್ನೂ, ಅಂದರೆ ಕಾಯಿನ್ನಿನ ಪರ್ಸನ್ನೂ, ಹಾಕಿಕೊಂಡ.

ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಕಳಚುವಾಗ, ಸೊಪ್ಪು ಹಾಕುವಂತಿಲ್ಲ. ಆ ಬಿಡುವಿನಲ್ಲಿ ಕೂತು ಇದರ ಬಗ್ಗೆ ಓದಿದೆ. ಕಾಯಿನ್ನು ಓಡಾಡುವ ದಾರಿಗೆ ನೆಟ್‌ವರ್ಕು ಎನ್ನುತ್ತಾರೆ; ಆ್ಯಪ್ ನಡೆಯುವುದು ಒಂದು ನೆಟ್‌ವರ್ಕಿನಲ್ಲಿ. ಮೈದುನನ ವ್ಯಾಲೆಟ್ಟಿಗೆ ಕಾಣುವುದು ಇನ್ನೊಂದು ನೆಟ್‌ವರ್ಕು. ಎರಡೂ ಕಾಣುವ, ಆ ಆ್ಯಪಿಗೂ ಹೊಂದುವ ಬೇರೆ ವ್ಯಾಲೆಟ್ಟನ್ನು ಹುಡುಕಿ ನನ್ನ ಫೋನಿಗೆ ಹಾಕಿಕೊಂಡೆ.

"ಆ ಆ್ಯಪ್‌ಗೂ ಈ ವ್ಯಾಲೆಟ್‌ಗೂ ಹೊಂದಲ್ಲ ಕಣಪ್ಪ. ವ್ಯಾಲೆಟ್ ಬದಲಾಯ್ಸು. ಇಲ್ಲಾಂದ್ರೆ ಮೊದಲು ಸ್ವಲ್ಪ ಕಳಿಸಿ ನೋಡಣ," ಎಂದೆ.

"ಅತ್ಗೆ, ನಮ್ ಫ್ರೆಂಡ್ಸೆಲ್ಲಾ ಇದನ್ನೇ ಯೂಸ್ ಮಾಡ್ತಾರೆ. ಸುಮ್ನೆ ಟೆನ್ಶನ್ ತಗೋಬೇಡಿ."

ಅತ್ತೆಗೆ ಅದಕ್ಕಿಂತ ದೊಡ್ಡ ಚಿಂತೆ. "ಮೊದಲ್ನೇ ಸಲ ಚಿಲ್ರೆ ಕಳಿಸ್ತಾರೇನಮ್ಮಾ? ಲಕ್ಷ್ಮಿ ಮುನಿಸ್ಕೋತಾಳೆ. ರಾಹುಕಾಲ ಬರೋದ್ರೊಳಗೆ ಪೂರ್ತಿ ಕಳ್ಸಿ. ನಿನ್ ಕೈಗುಣ ಒಳ್ಳೇದು, ನೀನೇ ಒತ್ತು."

ಮೈದುನನ ಫೋನಿಗೆ ಕುಂಕುಮ ಬೇರೆ ಇಟ್ಟರು. ನಾನು ಕೈ ಹಿಂದಕ್ಕೆ ಎಳೆದುಕೊಂಡೆ. "ಒತ್ತೇ ಅತ್ಲಾಗೆ, ಹೊತ್ತಾಗುತ್ತೆ," ಎಂದು ಗಂಡ ಗದರಿದರು. ಒತ್ತಿದೆ. ಕಾಯಿನ್ನು ಕೊಂಡ ಕಡೆಯಿಂದ ಆ್ಯಪಿನ ನೆಟ್‌ವರ್ಕಿನಲ್ಲಿ ದುಡ್ಡು ಹೋಯಿತು. ವ್ಯಾಲೆಟ್ಟು ಖಾಲಿ ಇತ್ತು, ಸಂಜೆಗೂ ಖಾಲಿಯೇ.

ಆ್ಯಪ್ ಆರಿಸಿದ್ದು ಯಾರು, ವ್ಯಾಲೆಟ್ ಆರಿಸಿದ್ದು ಯಾರು ಎಂದು ಒಬ್ಬರೂ ಕೇಳಲಿಲ್ಲ. ಒತ್ತಿದ್ದು ಯಾರು, ಅಷ್ಟೇ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮ ಮೈದುನ ಅತ್ತಿಗೆಯೇ ಡೊಂಕು ಎಂದ. ಅತ್ತೆ ಪಕ್ಕದ ಮನೆಯವರ ಮುಂದೆ, "ಏನೋ ಒಳ್ಳೇ ಕೈ ಅಂದ್ಕೊಂಡಿದ್ವಿ," ಎಂದು ಉಸಿರುಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು.

ದುಡ್ಡು ಎಲ್ಲೂ ಹೋಗಿಲ್ಲ, ಅದೇ ವಿಳಾಸದಲ್ಲಿದೆ, ಈ ವ್ಯಾಲೆಟ್ಟಿಗೆ ಕಾಣುತ್ತಿಲ್ಲ ಅಷ್ಟೇ ಎಂದು ಬಾಯಿ ಬಡಿದುಕೊಂಡೆ. ಅವನ ವ್ಯಾಲೆಟ್ಟಿಗೆ ಬೀಗದಕೈಯಂತಿರುವ ಹನ್ನೆರಡು ಗುಟ್ಟಿನ ಪದಗಳನ್ನು ನನ್ನ ಫೋನಿನ ವ್ಯಾಲೆಟ್ಟಿಗೆ ಹಾಕಿದರೆ ಸಿಗುತ್ತದೆ ಎಂದೆ. "ಇನ್ನೂ ಮುಟ್ಬೇಕಾ ನೀವು ಅದನ್ನ?" ಎಂದ ಮೈದುನ. ಕೊನೆಗೆ ಗಂಡನೇ ಅವನಿಂದ ಕೇಳಿ ತಂದುಕೊಟ್ಟರು. ಅದೂ ನನ್ನ ಮೇಲಿನ ನಂಬಿಕೆಯಿಂದಲ್ಲ, ಬೇರೆ ದಾರಿ ಇರಲಿಲ್ಲ.

ಪದಗಳನ್ನು ಒಂದೊಂದಾಗಿ ಹಾಕಿ ನೆಟ್‌ವರ್ಕು ಬದಲಾಯಿಸಿದೆ. ಅಬ್ಬಾ! ಕಳಿಸಿದ್ದಷ್ಟೂ ಅಲ್ಲೇ ಕೂತಿತ್ತು. ಫೋನು ಹಿಡಿದುಕೊಂಡು ನಡುಮನೆಗೆ ಓಡಿದೆ. ಈಗಲಾದರೂ ಒಂದು ಮಾತು ಆಡಿಯಾರು ಎಂಬ ಆಸೆ, ಬೇರೇನಲ್ಲ.

ಅತ್ತೆ ಎರಡೂ ಕೈ ಕಣ್ಣಿಗೊತ್ತಿಕೊಂಡರು. "ಕೈವಾರಕ್ಕೆ ಹರಕೆ ಹೊತ್ತಿದ್ದೆ. ದೇವ್ರು ಕೈಬಿಡಲಿಲ್ಲ."

"ನಾನ್ ಹೇಳ್ಲಿಲ್ವಾ? ಒಂದೊಂದ್ಸಲ ಲೇಟಾಗುತ್ತೆ, ತಾನಾಗೇ ಬರುತ್ತೆ ಅಂತ," ಎಂದ ಮೈದುನ. ಗಂಡ ತಲೆಯಾಡಿಸಿದರು.

ಅತ್ತೆ ನನ್ನ ಕೈಯಿಂದ ಫೋನು ತೆಗೆದುಕೊಂಡು ಅವನಿಗೆ ಕೊಟ್ಟರು. "ನೀನೇ ಇಟ್ಕೋಪ್ಪ. ಇನ್ಮೇಲೆ ಇವಳ ಕೈಗೆ ಕೊಡ್ಬೇಡ."

ಅದು ನನ್ನ ಫೋನು.