ಬೀಸುವ ಹಾಡು ಕಡಿದರೆ ಬಾಗಿಲು ತಟ್ಟುವ ರಾಯವ್ವ

ಕೋಳಿ ಕೂಗುವ ಹೊತ್ತು. ಬೆಲ್ಲದ ಬಾಗೇವಾಡಿಯ ಓಣಿಯಲ್ಲಿ ಮನೆಮನೆಯಿಂದ ಬೀಸುಕಲ್ಲಿನ ಸದ್ದು, ಅದರ ಜೊತೆಗೆ ಹೆಂಗಸರ ಹಾಡು. ಹುಕ್ಕೇರಿ ದವಾಖಾನೆಯ ಆಯಾ ರಾಯವ್ವ ಗೋಡೆಗೆ ಕಿವಿಗೊಟ್ಟು ನಿಂತಿದ್ದಾರೆ; ಅವರ ಕೆಲಸ ನೋಡಲು ಬಂದ ನಾನು ಹಿಂದೆ. ಕಂಡವರು ಕಳ್ಳಿ ಎಂದುಕೊಂಡರೂ ಆಶ್ಚರ್ಯವಿಲ್ಲ! ಒಂದು ಮನೆಯಲ್ಲಿ ಹಾಡು ಅರ್ಧಕ್ಕೆ ಕಡಿದು ಕೆಮ್ಮು ಕೇಳಿಸುತ್ತದೆ. ರಾಯವ್ವ ಬಾಗಿಲು ತಟ್ಟುತ್ತಾರೆ.

“ಶಂಕ್ರವ್ವಾ, ಎಷ್ಟ ದಿನಾ ಆತವಾ ಈ ಕೆಮ್ಮ?”

“ತಂಬಾಕದ ಧೂಳ ಅಕ್ಕಾ. ತಾನಽ ಹೋಗತೈತಿ ಬಿಡು.”

“ನಮ್ಮಕ್ಕನೂ ಹಿಂಗಽ ಅಂತಿದ್ಲು. ನಡಿ, ಎದಿ ಫೋಟೋ ತಗಸೂಣು.”

ಅಕ್ಕ ಯಲ್ಲಕ್ಕ ಮತ್ತು ರಾಯವ್ವ ತಂಬಾಕಿನ ವಖಾರಿಯಲ್ಲಿ ಎಲೆ ಹಸನು ಮಾಡುತ್ತಿದ್ದವರು. ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ನಸುಕಿನಲ್ಲಿ ಆಚೆಗೊಬ್ಬಳು, ಈಚೆಗೊಬ್ಬಳು ಬೀಸುತ್ತ ಹಾಡುತ್ತಿದ್ದರು. ಒಂದು ದಿನ ಯಲ್ಲಕ್ಕನ ಹಾಡು ನಡುವೆ ನಿಂತಿತು.

“ಪದಾ ಮರತಾಳ ಅಂತ ತಿಳಕೊಂಡ ನಾನಽ ಮುಂದಿನ ಸಾಲ ಹೇಳಿಕೊಟ್ಟೆ. ದಿನಾ ಹೇಳಿಕೊಟ್ಟೆ. ಮೂರ ತಿಂಗಳಾ ಹಿಂಗಽ ಮಾಡಿದೆನ್ರಿ,” ಎನ್ನುವಾಗ ರಾಯವ್ವನ ದನಿ ಇಳಿಯುತ್ತದೆ. ಬೆಳಗಾವಿಗೆ ಕರೆದೊಯ್ಯುವಷ್ಟರಲ್ಲಿ ಪುಪ್ಪುಸದ ಕ್ಯಾನ್ಸರ್ ಕೈಮೀರಿತ್ತು. ಅಕ್ಕ ತೀರಿಕೊಂಡ ಮೇಲೆ ರಾಯವ್ವ ವಖಾರಿ ಬಿಟ್ಟು ದವಾಖಾನೆಗೆ ಆಯಾ ಆಗಿ ಸೇರಿದರು.

ಆಗ ಎದೆರೋಗವೆಂದರೆ ಬೀಡಿ ಸೇದುವ ಗಂಡಸರದೆಂದೇ ದವಾಖಾನೆಯವರ ನಂಬಿಕೆ. ವರ್ಷಕ್ಕೆ ಅರವತ್ತು ಜನ ಬಂದರೆ ಅದರಲ್ಲಿ ಹೆಂಗಸರು ನಾಲ್ವರೋ ಐವರೋ. ಉಳಿದವರು ಕೆಲಸ ಬಿಟ್ಟು ಬರಲಾರದೆ ಸೆರಗಿನೊಳಗೇ ಕೆಮ್ಮುತ್ತಿದ್ದರು. ಮೂರು ವರ್ಷಗಳಲ್ಲಿ ರಾಯವ್ವ ಹತ್ತರಗಿ, ಅಂಕಲಗಿವರೆಗೂ ಅಲೆದು ಮೂವತ್ತೆಂಟು ಹೆಂಗಸರನ್ನು ಕರೆತಂದಿದ್ದಾರೆ. ಹೆಚ್ಚಿನವರಿಗೆ ಕ್ಷಯ, ಮೂವರಿಗೆ ಕ್ಯಾನ್ಸರ್.

“ನಾನು ಬಂದವರನ್ನಷ್ಟೇ ನೋಡುತ್ತಿದ್ದೆ. ಬಾರದವರೂ ಇದ್ದಾರೆಂದು ತೋರಿಸಿಕೊಟ್ಟದ್ದು ರಾಯವ್ವ,” ಎನ್ನುತ್ತಾರೆ ದವಾಖಾನೆಯ ಡಾಕ್ಟರು. ಕೆಮ್ಮಿನ ಸದ್ದಿಗೆ ಮುಖ ತಿರುಗಿಸಿ ನಡೆಯುವ ನಮ್ಮಂಥವರೂ ಆಕೆಗೆ ಋಣಿಗಳೇ.

ಆ ಮೂವರಲ್ಲಿ ಶಂಕ್ರವ್ವನೂ ಒಬ್ಬಳು. ಗಂಟು ಚಿಕ್ಕದಿತ್ತು, ಮಿರಜಿನಲ್ಲಿ ಕೊಯ್ದು ತೆಗೆದರು. ನಾಲ್ಕು ತಿಂಗಳ ನಂತರ, ಯುಗಾದಿಯ ಮುಂಚಿನ ಒಂದು ನಸುಕಿನಲ್ಲಿ ಮತ್ತೆ ಅದೇ ಮನೆಗೆ ಹೋದೆ. ಶಂಕ್ರವ್ವನಿಗೆ ಭಾರದ ಕೆಲಸ ಕೂಡದೆಂದು ಡಾಕ್ಟರು ಹೇಳಿದ್ದರಿಂದ ಬೀಸುತ್ತಿದ್ದವರು ರಾಯವ್ವ. ಪಕ್ಕದಲ್ಲಿ ಕುಳಿತು ಹಾಡುತ್ತಿದ್ದವಳು ಶಂಕ್ರವ್ವ.

“ಈ ಉಸರ ರಾಯಕ್ಕನ ಪುಣ್ಯಾರಿ,” ಎಂದು ನನಗೆ ಹೇಳಿ, ಆಕೆ ಮತ್ತೆ ಹಾಡು ಎತ್ತಿಕೊಂಡಳು. ನಡುವೆ ದಮ್ಮು ಸಾಲದೆ ನಿಂತಳು. ರಾಯವ್ವನೂ ಕಲ್ಲು ನಿಲ್ಲಿಸಿದರು. ಮುಂದಿನ ಸಾಲು ಅವರಿಗೆ ಬಾಯಿಪಾಠ, ಆದರೂ ತುಟಿ ಬಿಚ್ಚಲಿಲ್ಲ. ಶಂಕ್ರವ್ವ ಉಸಿರೆಳೆದುಕೊಂಡು ಸಾಲು ಮುಗಿಸಿದಳು.

ರಾಯವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಬೀಸುಕಲ್ಲಿನ ಗೂಟ ಹಿಡಿದರು. “ಸಾಲ ಅಕಿನಽ ಮುಗಸಬೇಕ್ರಿ. ನನಗ ಅಷ್ಟ ಕೇಳಿದ್ರ ಸಾಕು.”